ಇದು ನಿಮ್ಮದೇ ಅಲ್ವಾ ಮೇಡಂ

ಡಿಸೆಂಬರ್ 15, 2024, ಭಾನುವಾರ. ರಾತ್ರಿ 11.20

ಮಂಡಿಗೆ ಐಸ್ ಕಟ್ಟಿಕೊಂಡು ಬರೆಯಲು ಕೂತಿದ್ದೇನೆ. ನವೆಂಬರ್‌ನಿಂದ ಜನವರಿವರೆಗೆ ಡ್ಯಾನ್ಸ್ ಮಾಡಿಸುವ ನಮ್ಮಂಥವರಿಗೆ ಸುಗ್ಗಿ. ಸ್ಕೂಲ್ ಡೇ, ಅಪಾರ್ಟ್‌ಮೆಂಟಿನವರ ಹೊಸ ವರ್ಷ, ನಡುವೆ ಒಂದೆರಡು ಮದುವೆ ಸಂಗೀತ್. ಈ ಮೂರು ತಿಂಗಳ ದುಡಿಮೆ ಯುಗಾದಿ ದಾಟಿ ಬೇಸಿಗೆ ಶಿಬಿರ ಶುರುವಾಗುವ ತನಕ ಬರಬೇಕು. ಈ ಸಲ 4 ಸ್ಕೂಲು, 11 ಐಟಂ. ಒಂದು ಕಡೆ ಅಡ್ವಾನ್ಸೇ ಬಂದಿಲ್ಲ. ಕೇಳಿದರೆ "ಪ್ರೋಗ್ರಾಂ ಮುಗೀಲಿ ಮೇಡಂ" ಅಂತಾರೆ. ಮುಗಿದ ಮೇಲೆ ಫೋನ್ ಎತ್ತೋರು ಯಾರು?

ಬರೆಯಬೇಕು ಅಂದುಕೊಂಡಿದ್ದು ಅದಲ್ಲ. ಬೆಳಿಗ್ಗೆ ಹಳೇ ಸ್ಟೂಡೆಂಟ್ ಒಬ್ಬಳ ಅಮ್ಮ ವಾಟ್ಸಾಪ್‌ನಲ್ಲಿ ಯಾವುದೋ ಶಾಲೆಯ ಡ್ಯಾನ್ಸ್ ವಿಡಿಯೋ ಕಳಿಸಿದ್ದರು. "ಇದು ನಿಮ್ಮದೇ ಅಲ್ವಾ ಮೇಡಂ, ತುಂಬಾ ಚೆನ್ನಾಗಿದೆ."

ನನ್ನದೇ. ಆದರೆ ನಾನು ಆ ಶಾಲೆಯ ಗೇಟನ್ನೂ ನೋಡಿಲ್ಲ.

ಎರಡು ವರ್ಷದ ಹಿಂದೆ ಆರನೇ ಕ್ಲಾಸಿನ 36 ಮಕ್ಕಳಿಗೆ ಮಾಡಿಸಿದ್ದ ಕಂಸಾಳೆ. ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ದಾರ ಕಟ್ಟಿದ ತಾಳ, ಅದನ್ನು ಬೀಸಿ ಬೀಸಿ ಬಟ್ಟಲಿಗೆ ಹೊಡೆಯಬೇಕು. ಕಂಚಿನದು ಮಕ್ಕಳ ಕೈಗೆ ಭಾರ ಅಂತ ಮೊದಲ ಎರಡು ವಾರ ಟಿಫನ್ ಡಬ್ಬಿ ಮುಚ್ಚಳಕ್ಕೆ ದಾರ ಕಟ್ಟಿಸಿ ಪ್ರಾಕ್ಟೀಸ್ ಮಾಡಿಸಿದ್ದೆ. ಎರಡು ಸಾಲು ಎದುರುಬದುರು ಬಂದು, ಒಬ್ಬರ ತಾಳ ಇನ್ನೊಬ್ಬರ ಮೂಗಿಗೆ ತಾಗದ ಹಾಗೆ ದಾಟಿ, ಅರ್ಧಚಂದ್ರ ಆಗಿ, ಕೊನೆಗೆ ಮಂಡಿಯೂರಿ ಹಿಂದಕ್ಕೆ ಬಾಗುವಷ್ಟರಲ್ಲಿ ಎಂಟರ ಲೆಕ್ಕ ನಾಲ್ಕು ಸಲ ಆಗಬೇಕು. ಆ ದಾಟೋದೊಂದನ್ನು ಕೂಡಿಸೋಕೆ ನನಗೆ ಆರು ದಿನ ಹಿಡಿದಿತ್ತು. ವಿಡಿಯೋದಲ್ಲಿ ಅದೆಲ್ಲ ಹಾಗೇ ಇದೆ. ಮಧ್ಯದಲ್ಲಿ ಬೆತ್ತ ಹಿಡಿದು ನಿಲ್ಲುವ ಹುಡುಗನೂ ಇದ್ದಾನೆ.

ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ನಮ್ಮ ಟೀಚರ್ ಕಲಿತದ್ದು ಮಾಯಾ ರಾವ್ ಅವರ ಸಂಸ್ಥೆಯಲ್ಲಿ. ಶಂಭು ಮಹಾರಾಜರ ಹತ್ತಿರ ಕಥಕ್ ಕಲಿತು, ಸೋವಿಯತ್ ಒಕ್ಕೂಟಕ್ಕೆ ಹೋಗಿ ಕೊರಿಯೋಗ್ರಫಿ ಓದಿ ಬಂದ ಮಾಯಾ ರಾವ್, ಅದನ್ನೇ ಒಂದು ಓದು ಅಂತ ಇಲ್ಲಿ ಕಲಿಸಿದರು. 1964ರಲ್ಲಿ ದೆಹಲಿಯಲ್ಲಿ ಶುರುವಾದ ಆ ಸಂಸ್ಥೆ 1987ರಲ್ಲಿ ಬೆಂಗಳೂರಿಗೆ ಬಂತು. ಟೀಚರ್ ನನಗೆ ಮೊದಲ ದಿನವೇ ಹೇಳಿದ್ದು ಗೆಜ್ಜೆ ತಾ ಅಂತ ಅಲ್ಲ, ನೋಟ್‌ಬುಕ್ ತಾ ಅಂತ. ಯಾರು ಎಲ್ಲಿಂದ ಎಲ್ಲಿಗೆ, ಎಷ್ಟನೇ ಕೌಂಟಿಗೆ, ಯಾವ ಕಾಲು ಮುಂದೆ, ಎಲ್ಲ ಬರೆ. ಚಲನೆಯನ್ನು ಚಿಹ್ನೆಗಳಲ್ಲಿ ಬರೆದಿಡುವ ಲಾಬಾನೊಟೇಶನ್ ಕೂಡ ಒಂದಷ್ಟು ದಿನ ಕಲಿತೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ನನ್ನ ತಲೆ ಒಪ್ಪಲಿಲ್ಲ, ಚುಕ್ಕಿ ಬಾಣಗಳಿಗೇ ವಾಪಸ್ ಬಂದೆ.

ಆ ನೋಟ್‌ಬುಕ್ಕಿಗೆ ಬೆಲೆ ಇದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ನೃತ್ಯ ಸಂಯೋಜನೆಯೂ ನಾಟಕದ ಲೆಕ್ಕಕ್ಕೇ ಸೇರುತ್ತದೆ, ಆದರೆ ಬರವಣಿಗೆಯಲ್ಲೋ ಇನ್ನೊಂದು ರೀತಿಯಲ್ಲೋ ದಾಖಲಾಗಿರಬೇಕು. ನನ್ನ ಹತ್ತಿರ ಪುಸ್ತಕ ಇದೆ, ವಿಡಿಯೋ ಇದೆ. ಕೋರ್ಟಿಗೆ ಹೋಗ್ತೀನಾ? ಒಂದು ಐಟಂಗೆ ಸಿಗೋದು 12,000, ಅದರಲ್ಲಿ ಅಸಿಸ್ಟೆಂಟ್, ಟ್ರ್ಯಾಕ್ ಎಡಿಟಿಂಗ್, ಆಟೋ ಎಲ್ಲ ಕಳೆದು ಉಳಿಯೋದು ವಕೀಲರ ಕಾಫಿ ತಿಂಡಿಗೂ ಸಾಲದು.

ಇನ್ನೊಂದು ಕಿರಿಕಿರಿ. ನಾನು ಕಂಸಾಳೆ ಕಲಿತದ್ದು ಕೊಳ್ಳೇಗಾಲದ ಕಡೆಯ ಒಬ್ಬ ದೇವರಗುಡ್ಡರ, ಅಂದರೆ ಮಲೆ ಮಾದಪ್ಪನ ದೀಕ್ಷೆ ಪಡೆದವರ ಹತ್ತಿರ, ನಾಲ್ಕೇ ನಾಲ್ಕು ದಿನ. ವೀಳ್ಯದೆಲೆ ಜೊತೆ 500 ರೂಪಾಯಿ ಇಟ್ಟು ಕಾಲಿಗೆ ಬಿದ್ದು ಬಂದಿದ್ದೆ. ಮಾದಪ್ಪನ ಹರಕೆಗೆ ಅಂತ ಅವರ ಮನೆಯಲ್ಲಿ ತಲೆತಲಾಂತರದಿಂದ ಬಂದದ್ದು. ಆಮೇಲೆ ಸ್ಕೂಲಿನ ಇನ್ವಿಟೇಶನ್‌ನಲ್ಲಿ "ಪರಿಕಲ್ಪನೆ ಮತ್ತು ನೃತ್ಯ ಸಂಯೋಜನೆ" ಅಂತ ನನ್ನ ಹೆಸರು ದಪ್ಪಕ್ಷರದಲ್ಲಿ. ಅವರ ಹೆಸರು ಎಲ್ಲೂ ಇಲ್ಲ. ನಾನೇ ಕೊಟ್ಟಿರಲಿಲ್ಲ. ಹೆಜ್ಜೆ ಅವರದು, ಸಾಲು ಜೋಡಿಸಿದ್ದು ನಾನು ಅಂತ ಬೆಳಿಗ್ಗೆಯಿಂದ ನನಗೆ ನಾನೇ ವಾದ ಮಾಡಿಕೊಂಡೆ. ಪೂರ್ತಿ ಗೆಲ್ಲಲಿಲ್ಲ.

ಸಂಜೆ ಫೋನ್ ಮಾಡಿದೆ. ಯಾರು ಮಾಡಿಸಿದ್ದು ಅಂತ ವಿಡಿಯೋ ನೋಡಿದ ತಕ್ಷಣ ಗೊತ್ತಾಗಿತ್ತು. ಹೋದ ವರ್ಷ ನನ್ನ ಹತ್ತಿರ ಅಸಿಸ್ಟೆಂಟ್ ಆಗಿದ್ದ ಹುಡುಗ. ಕಂಸಾಳೆ ಮಾಡಿಸಿದ ವರ್ಷ ಅವನು ಸೇರಿರಲಿಲ್ಲ, ವಿಡಿಯೋ ನೋಡಿ ಕಲಿತವನು.

"ಅಕ್ಕಾ, ಹೇಳ್ಬೇಕು ಅಂತಾನೇ ಇದ್ದೆ. ಟೈಮ್ ಇರ್ಲಿಲ್ಲ, ಎಂಟೇ ದಿನ ಕೊಟ್ಟಿದ್ರು."

"ಎಂಟು ದಿನದಲ್ಲಿ ಆ ಕ್ರಾಸಿಂಗ್ ಮಾಡಿಸಿದ್ಯಾ?"

"ಹ್ಞೂಂ ಅಕ್ಕಾ."

ಬೈಯಬೇಕು ಅಂತಿದ್ದವಳು ಒಂದು ಕ್ಷಣ ಸುಮ್ಮನಾದೆ. ನನಗಿಂತ ಚೆನ್ನಾಗಿ ಕಲಿಸ್ತಾನೆ ಅನ್ನಿಸುತ್ತೆ. ಆಮೇಲೆ ಬೆಳಿಗ್ಗೆಯಿಂದ ಕೊರೆಯುತ್ತಿದ್ದದ್ದನ್ನು ಕೇಳಿದೆ. "ಅಲ್ವೋ, ಮಧ್ಯದಲ್ಲಿ ನಿಂತಿದಾನಲ್ಲ, ಆ ಹುಡುಗನ ಎಡಗೈಗೆ ಕೆಂಪು ಬಟ್ಟೆ ಯಾಕೋ ಸುತ್ತಿದೀಯ?"

"ಅದು ಸಂಪ್ರದಾಯ ಅಲ್ವಾ ಅಕ್ಕಾ? ನಿಮ್ಮದರಲ್ಲೂ ಇತ್ತಲ್ಲ. ಆಂಕರ್ ಮೇಡಂ ಅದನ್ನ ಮೈಕಲ್ಲೂ ಹೇಳಿದ್ರು."

ನನ್ನ ಹುಡುಗ ಪ್ರೋಗ್ರಾಂಗೆ ನಾಲ್ಕು ದಿನ ಇರುವಾಗ ಸೈಕಲ್‌ನಿಂದ ಬಿದ್ದು ಕೈ ಮುರಿದುಕೊಂಡಿದ್ದ. ಅಳುತ್ತಿದ್ದ, ಬಿಡೋಕೆ ಮನಸ್ಸಾಗಲಿಲ್ಲ. ಪ್ಲಾಸ್ಟರ್ ಕಾಣಬಾರದು ಅಂತ ಕೆಂಪು ಬಟ್ಟೆ ಸುತ್ತಿ, ಕೈಗೊಂದು ಬೆತ್ತ ಕೊಟ್ಟು ಮಧ್ಯೆ ನಿಲ್ಲಿಸಿದ್ದೆ, ಅಷ್ಟೇ.

ಫೋನಿನಲ್ಲಿ ಇಬ್ಬರೂ ನಕ್ಕೆವು, ಅವನು ಸ್ವಲ್ಪ ತಡವಾಗಿ. ನಾಳೆ ಬಾ, ಮಾತಾಡೋದಿದೆ ಅಂದಿದ್ದೇನೆ. ಬರ್ತಾನಂತೆ. ಹೇಗೂ ಎಂಟು ಗಂಟೆಗೆ ರಿಹರ್ಸಲ್ ಇದೆ, ನನ್ನ ಮಂಡಿ ಬಾಗಲ್ಲ, ಕೂತು ಏಳೋ ಸ್ಟೆಪ್ ತೋರಿಸೋಕೆ ಒಬ್ಬರು ಬೇಕು.