ಮಾತಿಲ್ಲದ ಬುದ್ಧಿ ಪರೀಕ್ಷೆಯೂ ಒಂದನೇ ಕ್ಲಾಸಿನ ಮಾರ್ಕೂ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿಗೆ ಸೇರುವ ಎಷ್ಟೋ ಮಕ್ಕಳ ಮನೆಮಾತು ತುಳು, ಮಲಯಾಳ, ಬ್ಯಾರಿ, ಕೊಂಕಣಿ ಅಥವಾ ಮರಾಠಿ. ಪ್ರಶ್ನೆಯ ಕನ್ನಡವೇ ತಿಳಿಯದೆ ಸುಮ್ಮನೆ ಕೂತ ಮಗುವನ್ನು ‘ಮಂದ’ ಎಂದು ಬರೆದಿಡುವುದು ಅನ್ಯಾಯ. ಇಂಥ ಕಡೆ, ಬರೀ ಚಿತ್ರಗಳಿಂದ ಬುದ್ಧಿ ಅಳೆಯುವ ರಾವೆನ್ ಅವರ ಬಣ್ಣದ ಮ್ಯಾಟ್ರಿಸಸ್ ಪರೀಕ್ಷೆ ನಿಜಕ್ಕೂ ಉಪಕಾರಿ.

ಎ, ಎಬಿ, ಬಿ ಎಂಬ ಮೂರು ಭಾಗ. ಭಾಗಕ್ಕೆ 12ರಂತೆ 36 ಚಿತ್ರ. ಪ್ರತಿ ಚಿತ್ರದಲ್ಲೂ ಒಂದು ತುಂಡು ಇರುವುದಿಲ್ಲ. ಕೆಳಗಿನ 6 ತುಂಡುಗಳಲ್ಲಿ ಹೊಂದುವುದಕ್ಕೆ ಮಗು ಬೆರಳಿಟ್ಟರೆ ಸಾಕು. ಶುರುವಿನಲ್ಲಿ ವಿನ್ಯಾಸ ಮುಂದುವರಿಸಿದರಾಯಿತು. ಬಿ ಭಾಗದ ಕೊನೆಯಲ್ಲಿ ‘ಇದಕ್ಕೆ ಇದಾದರೆ ಅದಕ್ಕೆ ಯಾವುದು’ ಎಂದು ಯೋಚಿಸಬೇಕು.

ಎಡವುವುದು ಹೆಚ್ಚಾಗಿ ದೊಡ್ಡವರೇ. ಚಿತ್ರಕ್ಕೆ ಭಾಷೆ ಬೇಡ, ಸೂಚನೆಗೆ ಬೇಕು. ಮೊದಲ ಚಿತ್ರದಲ್ಲಿ ಆಟ ತಿಳಿಸುವಾಗ ‘ನೋಡು’ ಎನ್ನಲು ತುಳುವಿನ ‘ತೂಲ’ ಅನ್ನಬೇಕೋ ಮಲಯಾಳದ ‘ನೋಕ್ಕ್’ ಅನ್ನಬೇಕೋ ಮೊದಲೇ ಗೊತ್ತಿರಲಿ. ಪರೀಕ್ಷೆ ಮಾಡುವವರ ಕಣ್ಣು ಸರಿಯುತ್ತರದ ಕಡೆ ಹೊರಳಿದರೆ ಮಗು ಅದನ್ನೇ ಹಿಡಿಯುತ್ತದೆ. ಬರೀ ಸರಿ–ತಪ್ಪು ಗುರುತು ಹಾಕಿ ಬಿಡಬೇಡಿ, ಮಗು ಮುಟ್ಟಿದ ತುಂಡಿನ ಸಂಖ್ಯೆಯನ್ನೇ ಬರೆಯಿರಿ. ಸಾಲಾಗಿ ಒಂದೇ ಜಾಗಕ್ಕೆ ಬೆರಳು ಹೋಗಿದ್ದರೆ ಮಗು ಯೋಚಿಸುವುದನ್ನು ಬಿಟ್ಟಿದೆ ಎಂದರ್ಥ. ದಣಿವೋ ಹಸಿವೋ ನೋಡಿ, ಆ ಅಂಕ ಲೆಕ್ಕಕ್ಕಿಲ್ಲ.

ಮುಂದಿನ ಓದನ್ನು ಇದು ಎಷ್ಟು ಹೇಳೀತು? 2015ರಲ್ಲಿ ಪ್ರಕಟವಾದ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಶಾಲೆಯ ಅಂಕಗಳೊಂದಿಗೆ ಮಾತಿಲ್ಲದ ಪರೀಕ್ಷೆಯ ಸಹಸಂಬಂಧ (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು) 0.44, ಮಾತಿನದ್ದು 0.53, ಎರಡೂ ಬೆರೆತದ್ದು 0.60. 0.44ರ ವರ್ಗ 0.19. ಅಂದರೆ ಮಕ್ಕಳ ಅಂಕಗಳ ನಡುವಿನ ವ್ಯತ್ಯಾಸದಲ್ಲಿ ಐದನೇ ಒಂದು ಪಾಲಿಗೂ ಕಡಿಮೆ ಇದರ ಲೆಕ್ಕಕ್ಕೆ ಸಿಗುತ್ತದೆ. ಕಾಗುಣಿತ, ಒತ್ತಕ್ಷರ, ಶಬ್ದಭಂಡಾರ ಯಾವುದನ್ನೂ ಈ ಚಿತ್ರಗಳು ಮುಟ್ಟುವುದಿಲ್ಲ. ಒಂದನೇ ಕ್ಲಾಸಿನ ಓದು ನಿಂತಿರುವುದೇ ಅವುಗಳ ಮೇಲೆ.

ಹಾಗಾಗಿ ನನ್ನ ಮಟ್ಟಿಗೆ ಇದರ ಬೆಲೆ ಭವಿಷ್ಯ ಹೇಳುವುದರಲ್ಲಿಲ್ಲ, ಅಂತರ ತೋರಿಸುವುದರಲ್ಲಿದೆ. ಚಿತ್ರದಲ್ಲಿ ಚುರುಕು, ಓದಿನಲ್ಲಿ ಹಿಂದೆ ಇರುವ ಮಗುವಿನ ಕಿವಿ, ಕಣ್ಣು, ಕನ್ನಡದ ಒಡನಾಟ, ಅಕ್ಷರ ಗುರುತಿಸುವಿಕೆ ಇವನ್ನು ಆ ಕ್ರಮದಲ್ಲೇ ಪರೀಕ್ಷಿಸಿ. ಅಂಕ ಕಡಿಮೆ ಬಂದರೆ ಅವಸರಪಡಬೇಡಿ, ಐದರ ವಯಸ್ಸಿನ ಅಂಕ ಅಲುಗಾಡುತ್ತಲೇ ಇರುತ್ತದೆ. ಸೇರಿಸಿಕೊಳ್ಳುವಾಗ ಮಕ್ಕಳನ್ನು ಸೋಸಲು ಇದನ್ನು ಬಳಸುವಂತೆಯೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಅದನ್ನು ತಡೆಯುತ್ತದೆ. ಹಾಳೆಯ ತಲೆಯಲ್ಲಿ ವಯಸ್ಸನ್ನು ವರ್ಷ–ತಿಂಗಳಲ್ಲಿ ಬರೆಯಿರಿ, ಪಕ್ಕದಲ್ಲಿ ಸೂಚನೆ ಕೊಟ್ಟ ಭಾಷೆಯನ್ನೂ.