ಬೀಡಿ ಕಟ್ಟುವ ಮನೆಯನ್ನು ತೆರೆಗೆ ತರುವಾಗ

ಬಡಮನೆಯ ಬಾಲ್ಯದ ಸಿನಿಮಾ ಎಂದರೆ ಸೋರುವ ಮಾಡು, ಹರಿದ ಅಂಗಿ, ಕುಡಿದು ಬರುವ ಅಪ್ಪ. ಮಂಗಳೂರು ಕಡೆಯ ಕತೆಗೆ ಇಷ್ಟು ಸಾಲದು. ಇಲ್ಲಿನ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಅಮ್ಮ ಕಟ್ಟಿದ ಬೀಡಿಯಿಂದ. ಅದನ್ನು ಸರಿಯಾಗಿ ತೋರಿಸಿದರೆ ಅರ್ಧ ಸಂಭಾಷಣೆ ಬೇಕಾಗುವುದಿಲ್ಲ.

ಮೊದಲು ಎಲೆ. ಒಣ ಎಲೆಯನ್ನು ನೆನೆಸಿ ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ತೇವ ಕಡಿಮೆಯಾದರೆ ಸುರುಟುವಾಗ ಸೀಳುತ್ತದೆ, ಹೆಚ್ಚಾದರೆ ಬೂಸ್ಟು ಹಿಡಿಯುತ್ತದೆ. ಮಳೆಗಾಲದ ದೃಶ್ಯದಲ್ಲಿ ಈ ಆತಂಕ ಕಾಣಲೇಬೇಕು. ತಗಡಿನ ಅಳತೆಯಿಟ್ಟು ಎಲೆ ಕತ್ತರಿಸಿ, ಮಡಿಲ ಗೆರಸೆಯಿಂದ ಚಿಟಿಕೆ ಹೊಗೆಸೊಪ್ಪು ತುಂಬಿ, ಓರೆಯಾಗಿ ಸುರುಟಿ, ಅಗಲದ ತುದಿ ಮಡಚಿ, ಸಪೂರ ತುದಿಗೆ ನೂಲು ಸುತ್ತುವುದು. ನುರಿತವಳು ಕೈಯನ್ನು ನೋಡುವುದೇ ಇಲ್ಲ. ಬೆರಳನ್ನೇ ದಿಟ್ಟಿಸುವ ನಟಿ ಕೂಡಲೇ ಸಿಕ್ಕಿಬೀಳುತ್ತಾಳೆ. ಹತ್ತಿರದ ಶಾಟ್‌ಗೆ ಕಸುಬಿನವರ ಕೈಯೇ ಆಗಲಿ.

ಕತೆಯ ಬಿಸಿ ಇರುವುದು ಲೆಕ್ಕದಲ್ಲಿ. 25 ಬೀಡಿಗೆ ಒಂದು ಕಟ್ಟು, 40 ಕಟ್ಟಿಗೆ ಸಾವಿರ ಬೀಡಿ, ಮಜೂರಿ ಸಾವಿರ ಬೀಡಿಗೆ ಇಷ್ಟೆಂದು. ಸಡಿಲ ಬೀಡಿಗಳನ್ನು ಬ್ರಾಂಚಿನಲ್ಲಿ, ಅಂದರೆ ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿ ಪಡೆಯುವ ಕಡೆ, ಬದಿಗೆ ತೆಗೆಯುತ್ತಾರೆ. ಕೊಟ್ಟ ಎಲೆಯಲ್ಲಿ ತೂತು ಜಾಸ್ತಿಯಿದ್ದರೆ ಸಾವಿರ ತುಂಬಿಸಲು ಕೈಯಿಂದಲೇ ಎಲೆ ಕೊಳ್ಳಬೇಕು. ಮನೆಯಲ್ಲಿ ಕಟ್ಟುವವರೂ ಸೇರುವಂಥ ಬೀಡಿ ಕಾರ್ಮಿಕರ ಕಾಯಿದೆ 1966ರಲ್ಲೇ ಬಂದಿತ್ತು. ಆದರೂ ತಿರಸ್ಕೃತ ಬೀಡಿಯ ಜಗಳ ನಿಂತಿಲ್ಲ. ಅಪ್ಪನ ಜಗಳಕ್ಕಿಂತ ಇದು ಒಳ್ಳೆಯ ದೃಶ್ಯ, ನನ್ನನ್ನು ಕೇಳಿದರೆ.

ತುದಿ ಮಡಚುವ ಮಗುವಿನ ಪಾತ್ರವಿದ್ದರೆ ಸೆಟ್ಟಿನಲ್ಲಿ ನಿಜವಾದ ಹೊಗೆಸೊಪ್ಪು ಬೇಡ. ಪುಡಿ ಮಾಡಿದ ತರಗೆಲೆ ಕ್ಯಾಮೆರಾಕ್ಕೆ ಸಾಕು.