ಎರಿನಾಡಿನ ಯುದ್ಧ: ವೀರಗಲ್ಲಿನ ನಿಯಮ ಕೈ ಕೊಟ್ಟಿತು

ನಾನು ಮನೆಯಲ್ಲೇ ಮಾಡುತ್ತಿರುವ ಮಣೆಯಾಟ ‘ಎರಿನಾಡಿನ ಯುದ್ಧ’ ಹೋದ ತಿಂಗಳು ಬರೀ ನಕಾಶೆ ಆಗಿತ್ತು. ಈಗ ಆಟ ಜಗಳವಿಲ್ಲದೆ ಒಂದು ತಾಸು ಓಡುತ್ತದೆ.

ಗೊತ್ತಿಲ್ಲದವರಿಗೆ: ಎರಿನಾಡು ಕಲ್ಪನೆಯ ನಾಡು. ಅಲ್ಲಿ ದೇವಿ ಇರೋದು ಗುಡಿಯಲ್ಲಲ್ಲ, ಬಾವಿಯಲ್ಲಿ. ದೊರೆ ಊರೂರ ಬಾವಿಗೆ ಬೀಗ ಜಡಿದು ಒಂದು ಕೊಡ ನೀರಿಗೆ ಇಷ್ಟು ಅಂತ ಸುಂಕ ಹಾಕಿದ. ಜನ ದೇವಿಯ ಆಣೆ ಮಾಡಿ ಎದ್ದರು. ಆಡುವವರಲ್ಲಿ ಒಬ್ಬರು ದೊರೆ, ಮೂವರು ಆಣೆಯವರು. ಬಾವಿ ಚಿತ್ರಕ್ಕೆ ಲಕ್ಕುಂಡಿಯ ಮುಸುಕಿನ ಬಾವಿಯೇ ಮಾದರಿ. ಮೆಟ್ಟಿಲ ಬದಿಯ ಗೂಡುಗಳಿಗೇ ಎರಡು ಭಾನುವಾರ ಹೋದವು.

ದಾಳ ಬಿಟ್ಟು ನಾಲ್ಕು ಕವಡೆ ಹಿಡಿದೆ. ಚೌಕಾಬಾರದ ಲೆಕ್ಕವೇ: ಅಂಗಾತ ಬಿದ್ದಷ್ಟು ಮನೆ, ನಾಲ್ಕೂ ಬೋರಲಾದರೆ ಎಂಟು. ಕವಡೆ ಎರಡೂ ಕಡೆ ಸಮ ಬಿದ್ದರೆ ಎಂಟು ಬರೋದು 16ರಲ್ಲಿ ಒಂದೇ ಸಲ, ಎರಡು ಬರೋದು 6 ಸಲ. ನಮ್ಮನೆ ಕವಡೆಗೆ ಈ ಗಣಿತ ಯಾರೂ ಹೇಳಿಲ್ಲ, ಬೋರಲಾಗೋದೇ ಜಾಸ್ತಿ. ಎಂಟನ್ನು ಐದಕ್ಕೆ ಇಳಿಸಿದೆ. ‘ಎಂಟ ಇಲ್ಲದ್ದು ಎಂಥಾ ಕವಡಿ ಆಟೋ ಇದು’ ಅಂತ ಅವ್ವ ಎದ್ದು ಹೋದಳು.

ಮಳೆ ಚೀಟಿ ಬಂದರೆ ದೊರೆಯ ಬಂಡಿ ನಿಂತಲ್ಲೇ. ನರಗುಂದದ ಕಡೆ ಎರಿ ಹೊಲದ ಕಪ್ಪು ಅಂಟು ಮಣ್ಣಲ್ಲಿ ಮಳೆಗಾಲಕ್ಕೆ ಚಪ್ಪಲಿ ಕಳಕೊಂಡವರಿಗೆ ಕಾರಣ ಹೇಳಬೇಕಿಲ್ಲ.

ಕೆಟ್ಟದ್ದು ವೀರಗಲ್ಲಿನಲ್ಲಿ. ಬೆಟಗೇರಿಯ ಕಲ್ಲುಗಳನ್ನು ನೋಡಿ ಬಂದು ರಟ್ಟಿನಲ್ಲಿ ಕತ್ತರಿಸಿದ್ದೆ: ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಅವನು, ತುದಿಗೆ ಸೂರ್ಯ ಚಂದ್ರ. ವೀರ ಸತ್ತಲ್ಲಿ ಕಲ್ಲು ನಿಲ್ಲುತ್ತದೆ, ಆ ಊರಲ್ಲಿ ಆಣೆಯ ಬಲ ಎರಡು ಏರುತ್ತದೆ. ಎರಡನೇ ಆಟಕ್ಕೇ ಗೆಳೆಯರು ಬೇಕಂತಲೇ ವೀರರನ್ನು ಸಾಯಲು ಕಳಿಸತೊಡಗಿದರು. ‘ಹೊಳಿ ದಂಡಿಗೆ ಒಂದು ಕಲ್ಲು ಬೇಕ್ರೀ, ಅಂವನ್ನ ಅಲ್ಲೇ ನಿಲ್ಲಸ್ರಿ.’ ದೊರೆಯಾಗಿದ್ದ ಅಣ್ಣನ ಮಗಳು ಕೈ ಕಟ್ಟಿ ಕೂತಳು. ‘ಕಾಕಾ, ನಾ ಯಾರನ್ನೂ ಕೊಲ್ಲಂಗಿಲ್ಲ. ಕೊಂದ್ರ ನಿಮಗ ಲಾಭ.’ ಕ್ರೂರ ದೊರೆ ಒಬ್ಬರನ್ನೂ ಮುಟ್ಟದೆ ಧರ್ಮಯುದ್ಧ ಅಲ್ಲಿಗೇ ನಿಂತಿತು!

ದಾರಿ ಸಿಕ್ಕಿದ್ದು ಹಳೇ ಶಾಸನಗಳ ಒಂದು ಮಾತಲ್ಲಿ: ನೆತ್ತರುಗೊಡಗೆ. ಕಾದಿ ಸತ್ತವನ ಮನೆಯವರಿಗೆ ಕೊಡುವ ಭೂಮಿ. ಈಗ ಕಲ್ಲು ತಾನಾಗಿ ನಿಲ್ಲೋದಿಲ್ಲ. ಆಣೆಯವರು ಆ ಮನೆಗೆ ಸುತ್ತಿಗೊಂದು ಚೀಲ ಜೋಳ ಕೊಡುತ್ತಿರಬೇಕು. ಅವರಿಗಿಂತ ಮೊದಲು ದೊರೆ ಹೊಲ ಬರೆದುಕೊಟ್ಟರೆ ಕಲ್ಲಿನ ಮೇಲೆ ಅವನ ಹೆಸರು, ಸತ್ತವನು ಅವನ ಕಡೆಯವನಾಗುತ್ತಾನೆ. ಆದರೆ ಕೊಟ್ಟ ಹೊಲಕ್ಕೆ ಸುಂಕವಿಲ್ಲ. ಮೊನ್ನೆಯ ಆಟದಲ್ಲಿ ಹುಡುಗಿ ಹೊಲ ಹಂಚಿ ಹಂಚಿ ದಂಡಿಗೆ ಸಂಬಳ ಕೊಡಲಾಗದೆ ಸೋತಳು. ನನಗಂತೂ ಇದು ಭಾರಿ ಸೇರಿತು.

ಸೋತವಳು ಕವಡೆ ಡಬ್ಬಿಗೆ ಹಾಕುತ್ತ ಕೇಳಿದಳು: ‘ಕಾಕಾ, ಸತ್ತಂವನ ಹೆಂಡ್ತಿ ಹೊಲಾನೂ ಬ್ಯಾಡ, ಜೋಳಾನೂ ಬ್ಯಾಡ ಅಂದ್ರ?’

ಆ ಹೆಂಡತಿಗೆ ನಾನು ಚೀಟಿಯೇ ಮಾಡಿರಲಿಲ್ಲ. ಈಗ ಒಂದು ರಟ್ಟು ಕತ್ತರಿಸಿ ಇಟ್ಟಿದ್ದೇನೆ, ಎರಡೂ ಬದಿ ಇನ್ನೂ ಖಾಲಿ.